ಕೂಸನ್ನು ಬೆಳಕಿಗೆ ತಂದು ನೋಡಿ: ಹಸುಗೂಸಿನ ಕಾಮಾಲೆಯಲ್ಲಿ ಮನೆಯವರು ಮಾಡಬೇಕಾದ್ದು

ಬಾಣಂತಿ ಕೋಣೆಗೆ ಕಾಲಿಟ್ಟರೆ ನಾನು ಮೊದಲು ಮಾಡುವ ಕೆಲಸ ಕಿಟಕಿಗೆ ಕಟ್ಟಿದ ಕಂಬಳಿ ಬಿಚ್ಚುವುದು. ಅಜ್ಜಿಯರಿಗೆ ಇದು ಸರಿಬರುವುದಿಲ್ಲ. "ಗಾಳಿ ಬಡಿತೈತೆ ಸಿಸ್ಟರ್, ಕೂಸಿಗೆ ಥಂಡಿ ಆಗ್ತೈತೆ" ಅನ್ನುತ್ತಾರೆ. "ಐದು ನಿಮಿಷ ಅಜ್ಜಿ, ನೋಡಿ ನಾನೇ ವಾಪಸ್ ಕಟ್ಟಿಕೊಡ್ತೀನಿ" ಅಂತ ಹೇಳಿ ಬಿಚ್ಚುತ್ತೇನೆ. ಲೋಬಾನದ ಹೊಗೆ, ಮೂಲೆಯಲ್ಲೊಂದು ಹಳದಿ ಬಲ್ಬು, ಮೈತುಂಬ ಸುತ್ತಿದ ಹಳೆ ಸೀರೆ, ಕಿವಿ ಮುಚ್ಚುವ ಕುಲಾವಿ. ಇಷ್ಟರ ನಡುವೆ ಕೂಸಿನ ಮೈಬಣ್ಣ ಹೆತ್ತವಳಿಗೂ ಕಾಣುವುದಿಲ್ಲ. ನಮ್ಮ ಕಡೆ ಹಸುಗೂಸುಗಳು ಕಾಮಾಲೆ ಏರಿದ ಮೇಲೆ ತಡವಾಗಿ ಆಸ್ಪತ್ರೆಗೆ ಬರುವುದಕ್ಕೆ ನಾನು ಕಂಡ ದೊಡ್ಡ ಕಾರಣ ಈ ಕತ್ತಲು.

ದಾವಣಗೆರೆಯಲ್ಲಿ 26 ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಹೆಚ್ಚಿನ ವರ್ಷಗಳು ನವಜಾತ ಶಿಶುಗಳ ವಾರ್ಡಿನಲ್ಲೇ ಕಳೆದಿವೆ. ಹುಟ್ಟೂರು ಭರಮಸಾಗರದ ಹತ್ತಿರ. ಊರಿಗೆ ಹೋದಾಗಲೆಲ್ಲ ಯಾವುದಾದರೂ ಮನೆಯಲ್ಲಿ ಹೆರಿಗೆಗೆ ಬಂದ ಮಗಳೊಬ್ಬಳು ಇದ್ದೇ ಇರುತ್ತಾಳೆ, ಕೂಸನ್ನು ನೋಡಿ ಹೋಗು ಬಾ ಎಂದು ಕರೆಯುತ್ತಾರೆ. ಆ ಮನೆಗಳಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಓದುತ್ತಿರುವವರು ಹೊಸ ತಾಯಿಯಾದರೆ ಅಮ್ಮನಿಗೂ ಅತ್ತೆಗೂ ಓದಿ ಹೇಳಿ. ಮೊದಲ ಹತ್ತು ದಿನ ಕೂಸು ಹೆಚ್ಚು ಹೊತ್ತು ಇರುವುದು ಅವರ ಮಡಿಲಲ್ಲಿ.

ನೋಡುವ ಬಗೆ

ಹಗಲು ಹೊತ್ತಿನಲ್ಲಿ, ಕಿಟಕಿಯ ಪಕ್ಕ ಅಥವಾ ಪಡಸಾಲೆಯ ಬಾಗಿಲ ಬಳಿ, ನೇರ ಬಿಸಿಲು ಬೀಳದೆ ಬೆಳಕು ಚೆನ್ನಾಗಿರುವ ಕಡೆ ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿ ಕೂಸನ್ನು ಮಲಗಿಸಿ. ಬಣ್ಣದ ಹಾಸಿಗೆ ಬೇಡ, ಅದರ ಛಾಯೆ ಮೈಮೇಲೆ ಬೀಳುತ್ತದೆ. ಕುಲಾವಿ, ಅಂಗಿ, ಕಾಲುಚೀಲ ಎಲ್ಲ ತೆಗೆಯಿರಿ. ತೋರುಬೆರಳಿನಿಂದ ಹಣೆಯನ್ನು ಮೆಲ್ಲಗೆ ಒತ್ತಿ, ಒಂದು ಎರಡು ಎಂದು ಎಣಿಸಿ ಬೆರಳೆತ್ತಿ. ಒತ್ತಿದ ಕಡೆ ರಕ್ತ ಸರಿದು ಒಂದು ಗಳಿಗೆ ಚರ್ಮದ ಅಸಲಿ ಬಣ್ಣ ಕಾಣುತ್ತದೆ. ಬಿಳಿಚಿಕೊಂಡರೆ ಸರಿ, ಹಳದಿ ಕಂಡರೆ ಕಾಮಾಲೆ ಇದೆ. ಹಾಗೆಯೇ ಮೂಗಿನ ತುದಿ, ಎದೆಯ ನಡುಮೂಳೆ, ಹೊಕ್ಕುಳ ಸುತ್ತ, ತೊಡೆ, ಮೊಣಕಾಲ ಕೆಳಗೆ, ಕೊನೆಗೆ ಅಂಗೈ ಮತ್ತು ಅಂಗಾಲು ನೋಡಿ. ಎಣ್ಣೆಗಪ್ಪಿನ ಕೂಸಾದರೆ ಚರ್ಮವೊಂದನ್ನೇ ನಂಬಬೇಡಿ. ಕೆಳತುಟಿಯನ್ನು ಮೆಲ್ಲಗೆ ಜಗ್ಗಿ ಒಸಡು ನೋಡಿ, ಕಣ್ಣು ಬಿಟ್ಟಾಗ ಬಿಳಿಗುಡ್ಡೆ ನೋಡಿ.

ಕಾಮಾಲೆ ಮೇಲಿನಿಂದ ಕೆಳಗೆ ಇಳಿಯುತ್ತದೆ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ಅಂಶ ಡೆಸಿಲೀಟರಿಗೆ 5 ಮಿಲಿಗ್ರಾಂ ಹತ್ತಿರ ಬಂದಾಗ ಮುಖ ಹಳದಿಯಾಗುತ್ತದೆ. ಅದು ಏರಿದ ಹಾಗೆ ಎದೆ, ಹೊಟ್ಟೆ, ತೊಡೆ, ಕಾಲು. ಅಂಗೈ ಅಂಗಾಲಿಗೆ ಬಂದಿದ್ದರೆ ಸಾಮಾನ್ಯವಾಗಿ 15 ದಾಟಿರುತ್ತದೆ. ಹಾಗೆ ಕಂಡ ಕೂಸನ್ನು ಆ ಗಳಿಗೆಯಲ್ಲೇ ಹೊರಡಿಸಬೇಕು, ಊಟ ಮುಗಿಸಿ ಹೋಗೋಣ ಅನ್ನುವಂತಿಲ್ಲ. ಕಣ್ಣಳತೆ ಅಂದಾಜು ಮಾತ್ರ, ನನ್ನ ಕಣ್ಣೂ ಎಷ್ಟೋ ಸಲ ತಪ್ಪಿದೆ. ಆದ್ದರಿಂದ ಹೊಟ್ಟೆಯವರೆಗೆ ಇಳಿದಿದೆ ಅನ್ನಿಸಿದರೂ ಆ ದಿನವೇ ರಕ್ತ ಪರೀಕ್ಷೆ ಮಾಡಿಸಿ ಎಂದೇ ಹೇಳುತ್ತೇನೆ. ಫೋನಿನ ಫೋಟೊ ಕಳಿಸಿ "ನೋಡಿ ಹೇಳಿ ಅಕ್ಕ" ಅನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ. ಕ್ಯಾಮೆರಾ ತನಗೆ ಬೇಕಾದ ಹಾಗೆ ಬಣ್ಣ ಬದಲಿಸುತ್ತದೆ.

ಒಂದು ಮನೆಯಲ್ಲಿ ನಾಲ್ಕು ದಿನದ ಕೂಸಿನ ಎದೆ ಒತ್ತಿ ನೋಡುತ್ತಿದ್ದೆ. ಅಜ್ಜಿ ಪಕ್ಕದಿಂದ, "ಅರಿಶಿಣ ಹಚ್ಚಿ ಎರೆದೀವಿ ಕಣವ್ವಾ, ಅದ್ಕೇ ಹಂಗೆ ಕಾಣ್ತೈತೆ" ಎಂದರು. ಕಡಲೆಹಿಟ್ಟಿಗೆ ಚಿಟಿಕೆ ಅರಿಶಿಣ ಬೆರೆಸಿ ಉಜ್ಜುವುದು ನಮ್ಮಲ್ಲಿ ಹಳೆಯ ರೂಢಿ. ಬೆಚ್ಚಗಿನ ನೀರಲ್ಲಿ ಬಿಳಿ ಬಟ್ಟೆ ಅದ್ದಿ ಎದೆಯ ಮೇಲೆ ಒರೆಸಿದೆ. ಬಟ್ಟೆಗೆ ಹಳದಿ ಬಂತು. ಇನ್ನೊಂದು ಮೂಲೆಯಿಂದ ಒರೆಸಿದೆ, ಕಡಿಮೆ ಬಂತು. ಮೂರನೆಯ ಸಲ ಬಟ್ಟೆ ಬೆಳ್ಳಗೇ ಉಳಿಯಿತು. ಆಗ ಬೆರಳಿಟ್ಟು ಒತ್ತಿದರೆ ಎದೆ ಇನ್ನೂ ಹಳದಿಯಾಗಿಯೇ ಇತ್ತು. ಅಜ್ಜಿ ಆ ಬಟ್ಟೆಯನ್ನೇ ನೋಡುತ್ತ ಕೂತರು. ಮಧ್ಯಾಹ್ನದೊಳಗೆ ಕೂಸು ದಾವಣಗೆರೆಯಲ್ಲಿತ್ತು, ಎರಡು ದಿನದಲ್ಲಿ ಗುಣವಾಗಿ ಮನೆಗೆ ಬಂತು. ಅಂದಿನಿಂದ ಎಲ್ಲರಿಗೂ ಕೈಮುಗಿದು ಕೇಳುತ್ತೇನೆ: ಮೊದಲ ಎರಡು ವಾರ ಕೂಸಿನ ಮೈಗೆ ಅರಿಶಿಣ ಬೇಡ.

ನೋಡಿದ್ದನ್ನು ಬರೆದಿಡಿ. ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನು ಕೂಸಿನದೊಂದು ಗೊಂಬೆ ಚಿತ್ರ ಬರೆದುಕೊಡುತ್ತೇನೆ. ತಲೆ, ಮೈ, ಎರಡು ಕೈ, ಎರಡು ಕಾಲು, ಅಷ್ಟೇ. ಬೆಳಿಗ್ಗೆ ನೋಡಿದಾಗ ಹಳದಿ ಎಲ್ಲಿಗೆ ನಿಂತಿದೆಯೋ ಅಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ, ಪಕ್ಕದಲ್ಲಿ ದಿನ ಮತ್ತು ಹೊತ್ತು. ಸಂಜೆ ಬೆಳಕಿರುವಾಗಲೇ ಇನ್ನೊಂದು ಗೆರೆ. ಗೆರೆ ಕೆಳಗೆ ಜಾರುತ್ತಿದ್ದರೆ ಓದು ಬಾರದ ಅಜ್ಜಿಗೂ ತಿಳಿಯುತ್ತದೆ.

ಹಳದಿ ಎಲ್ಲಿಂದ ಬರುತ್ತದೆ

ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಸುಗ್ಗಿ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಒಂದೇ ಸಲ ಲಾರಿಗಳು ಬಂದು ಸಾಲು ನಿಲ್ಲುತ್ತವೆ, ಆ ಬೆಳಿಗ್ಗೆ ಇಬ್ಬರೇ ಹಮಾಲರು ಬಂದಿರುತ್ತಾರೆ. ಕೆಲಸ ನಡೆಯುತ್ತದೆ, ಆದರೆ ಸಾಲು ಬೆಳೆಯುತ್ತದೆ. ಹೊಟ್ಟೆಯಲ್ಲಿದ್ದಾಗ ಕೂಸಿಗೆ ಕೆಂಪು ರಕ್ತಕಣ ನಮಗಿಂತ ಹೆಚ್ಚು ಬೇಕು. ಹುಟ್ಟಿ ಉಸಿರಾಡಲು ಶುರುಮಾಡಿದ ಮೇಲೆ ಅಷ್ಟು ಬೇಡ. ದೊಡ್ಡವರ ರಕ್ತಕಣ ಸುಮಾರು 120 ದಿನ ಬಾಳಿದರೆ ಕೂಸಿನದು 70ರಿಂದ 90 ದಿನ. ಹೀಗೆ ಒಡೆದ ಕಣಗಳಿಂದ ಬರುವ ಬಿಲಿರುಬಿನ್ ಅನ್ನು ಅಲ್ಲಿಯವರೆಗೆ ತಾಯಿಯ ಪಿತ್ತಜನಕಾಂಗ ಹೊರಹಾಕುತ್ತಿತ್ತು. ಈಗ ಕೂಸಿನ ಸ್ವಂತ ಪಿತ್ತಜನಕಾಂಗ ಆ ಕೆಲಸ ಹೊರಬೇಕು, ಅದಕ್ಕೆ ಬೇಕಾದ ಕಿಣ್ವ ಮೊದಲ ದಿನಗಳಲ್ಲಿ ತೀರ ಕಡಿಮೆ ಇರುತ್ತದೆ. ದಿನ ಕಳೆದಂತೆ ಹಮಾಲರು ಹೆಚ್ಚುತ್ತಾರೆ, ಸಾಲು ಕರಗುತ್ತದೆ. ತಿಂಗಳು ತುಂಬಿ ಹುಟ್ಟಿದ ಹತ್ತು ಕೂಸುಗಳಲ್ಲಿ ಸುಮಾರು ಆರಕ್ಕೆ, ತಿಂಗಳು ತುಂಬದೆ ಹುಟ್ಟಿದ ಹತ್ತರಲ್ಲಿ ಸುಮಾರು ಎಂಟಕ್ಕೆ ಮೊದಲ ವಾರದಲ್ಲಿ ಕಾಮಾಲೆ ಕಾಣುತ್ತದೆ. ಹೆಚ್ಚಿನವು ತಾವಾಗಿಯೇ ಸರಿಹೋಗುತ್ತವೆ.

ಪಿತ್ತದ ಜೊತೆ ಕರುಳಿಗೆ ಇಳಿದ ಹಳದಿ ಮಲದಲ್ಲಿ ಹೊರಗೆ ಹೋಗಬೇಕು. ಕೂಸು ಹಾಲು ಕುಡಿಯದೆ ಮೊದಲ ಕಪ್ಪು ಮಲ ಕರುಳಲ್ಲೇ ಕೂತರೆ ಇಳಿಸಿದ ಮೂಟೆಯೇ ಮತ್ತೆ ಲಾರಿಗೆ ಏರಿದ ಹಾಗೆ, ಹಳದಿ ವಾಪಸ್ ರಕ್ತಕ್ಕೆ ಸೇರುತ್ತದೆ.

ತಾಯಿ ಬೇಳೆ ತಿಂದಳು, ಕುಂಬಳಕಾಯಿ ತಿಂದಳು, ಹಳದಿ ಸೀರೆ ಉಟ್ಟಳು, ಅದಕ್ಕೇ ಕೂಸಿಗೆ ಕಾಮಾಲೆ ಬಂತು ಎಂದು ಬಾಣಂತಿಯನ್ನು ಅನ್ನುವುದನ್ನು ಬಿಡಿ. ಅವಳ ಊಟಕ್ಕೂ ಇದಕ್ಕೂ ಸಂಬಂಧವಿಲ್ಲ. ಅವಳಿಗೆ ಹೊಟ್ಟೆತುಂಬ ಬಡಿಸಿ.

ಗಂಟೆಯ ಲೆಕ್ಕ

ನಾವು ಹುಟ್ಟಿದ ದಿನವನ್ನೂ ಸೇರಿಸಿ ದಿನ ಎಣಿಸುತ್ತೇವೆ. ಕಾಮಾಲೆಗೆ ಆ ಲೆಕ್ಕ ಸಾಲದು, ಗಂಟೆ ಎಣಿಸಬೇಕು. ಹುಟ್ಟಿದ ಹೊತ್ತನ್ನು ಜಾತಕಕ್ಕಾಗಿ ಹೇಗೂ ಬರೆದಿಟ್ಟಿರುತ್ತೀರಿ, ಅದನ್ನೇ ಬಳಸಿ. ಹುಟ್ಟಿ 24 ಗಂಟೆಯೊಳಗೆ ಹಳದಿ ಕಂಡರೆ, ಅದು ಮುಖದಲ್ಲಿ ಮಾತ್ರ ಇದ್ದರೂ, ಸಹಜ ಕಾಮಾಲೆಯಲ್ಲ. ರಕ್ತ ಬೇಗಬೇಗ ಒಡೆಯುತ್ತಿರಬಹುದು. ಸಹಜ ಕಾಮಾಲೆ ಎರಡನೇ ಮೂರನೇ ದಿನ ಶುರುವಾಗಿ, ಮೂರರಿಂದ ಐದನೇ ದಿನದೊಳಗೆ ಜೋರಾಗಿ, ಎರಡು ವಾರದೊಳಗೆ ಇಳಿದುಹೋಗುತ್ತದೆ. ತಿಂಗಳು ತುಂಬದ ಕೂಸಿನಲ್ಲಿ ಏರುವುದೂ ನಿಧಾನ, ಇಳಿಯುವುದೂ ನಿಧಾನ, ಮೂರು ವಾರ ಹಿಡಿಯಬಹುದು.

ಈಗ ನಮ್ಮ ಕಡೆ ನಡೆಯುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸಹಜ ಹೆರಿಗೆಯಾದರೆ 48 ಗಂಟೆಗೆ, ಕೆಲವು ಕಡೆ ಅದಕ್ಕೂ ಮೊದಲೇ ಮನೆಗೆ ಕಳಿಸುತ್ತಾರೆ. ನಗು-ಮಗು ಗಾಡಿಯಲ್ಲಿ ಜಗಳೂರಿನ ಕಡೆಯದೋ ಹೊಳಲ್ಕೆರೆ ಕಡೆಯದೋ ತವರೂರಿಗೆ ಬಂದಿಳಿದ ಮರುದಿನದಿಂದಲೇ ಹಳದಿ ಏರಲು ಶುರು. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಮೂರಕ್ಕೂ ಏಳಕ್ಕೂ ನಡುವೆ ನೋಡುವವರು ನೀವೇ. ಆಸ್ಪತ್ರೆ ಬಿಡುವಾಗ ಎರಡು ಕೇಳಿ: ಕೂಸಿನ ಬಿಲಿರುಬಿನ್ ನೋಡಿದ್ದೀರಾ, ಮತ್ತೆ ಯಾವಾಗ ತೋರಿಸಬೇಕು. ಹಣೆಯ ಮೇಲೆ ಅಥವಾ ಎದೆಯ ಮೇಲೆ ಒತ್ತಿ ಅಳೆಯುವ ಚಿಕ್ಕ ಯಂತ್ರ ಈಗ ಹಲವು ಕಡೆ ಇದೆ, ಅದಕ್ಕೆ ಸೂಜಿ ಬೇಡ.

ಇನ್ನೊಂದು ಕೆಲಸ, ತಾಯಿ ಕಾರ್ಡ್ ತೆಗೆದು ರಕ್ತದ ಗುಂಪು ನೋಡಿ. ತಾಯಿಯದು ಓ ಗುಂಪಾಗಿದ್ದು ಕೂಸಿನದು ಎ ಅಥವಾ ಬಿ ಆದರೆ, ಇಲ್ಲವೇ ತಾಯಿ ನೆಗೆಟಿವ್ ಆಗಿದ್ದು ಕೂಸು ಪಾಸಿಟಿವ್ ಆದರೆ, ತಾಯಿಯ ರಕ್ತದಿಂದ ಬಂದ ಪ್ರತಿಕಾಯಗಳು ಕೂಸಿನ ರಕ್ತಕಣಗಳನ್ನು ಒಡೆಯಬಹುದು. ನೆಗೆಟಿವ್ ತಾಯಿಗೆ ಪಾಸಿಟಿವ್ ಕೂಸು ಹುಟ್ಟಿದ 72 ಗಂಟೆಯೊಳಗೆ ಆ್ಯಂಟಿ-ಡಿ ಇಂಜೆಕ್ಷನ್ ಬೀಳಲೇಬೇಕು, ಅದು ಕಾಯುವುದು ಮುಂದಿನ ಕೂಸನ್ನು. ತಿಂಗಳು ತುಂಬದೆ ಹುಟ್ಟಿದ್ದರೆ, ಹೆರಿಗೆಯಲ್ಲಿ ತಲೆಯ ಮೇಲೆ ರಕ್ತ ಕಟ್ಟಿ ಬುಗುಟೆ ಎದ್ದಿದ್ದರೆ, ಇದೇ ತಾಯಿಯ ಮೊದಲ ಕೂಸನ್ನು ಕಾಮಾಲೆಗೆಂದು ಆಸ್ಪತ್ರೆಯ ನೀಲಿ ಲೈಟಿನ ಕೆಳಗೆ ಇಟ್ಟಿದ್ದರೆ, ದಿನಕ್ಕೆ ಎರಡರ ಬದಲು ಮೂರು ಸಲ ನೋಡಿ. ಟ್ರಂಕಿನಲ್ಲಿಟ್ಟ ಹಳೆ ಬಟ್ಟೆ ಕೂಸಿಗೆ ತೆಗೆಯುವಾಗ ನುಸಿಗುಳಿಗೆಯ ವಾಸನೆ ಬಂದರೆ ಅದನ್ನು ಬಳಸಲೇಬೇಡಿ. ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಮಕ್ಕಳಲ್ಲಿ ಆ ಗುಳಿಗೆಯ ವಾಸನೆಯೇ ರಕ್ತ ಒಡೆಯಲು ಸಾಕು, ನಿಮ್ಮ ಕೂಸಿಗೆ ಆ ಕೊರತೆ ಇದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ.

ನಮ್ಮಣ್ಣನ ಮಗ

1998ರ ಬೇಸಿಗೆ. ನಾನಿನ್ನೂ ನರ್ಸಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದೆ. ಅತ್ತಿಗೆಗೆ ಚೊಚ್ಚಲ ಹೆರಿಗೆ, ಗಂಡು. ಮರುದಿನವೇ ಮನೆಗೆ ಕಳಿಸಿದರು. ಎರಡನೇ ದಿನವೇ ಮುಖ ಹಳದಿ ಇತ್ತಂತೆ. ನೋಡಿದವರು, "ಎಲ್ಲಾ ಕೂಸಿಗೂ ಬರ್ತೈತೆ, ಬೆಳಿಗ್ಗೆ ಎಳೆಬಿಸಿಲಿಗೆ ಹಿಡೀರಿ" ಎಂದರು. ಎರಡು ದಿನ ಕಟ್ಟೆಯ ಮೇಲೆ ಹಿಡಿದರು. ನಾಲ್ಕನೇ ದಿನ ಕೂಸು ಅಳುವುದನ್ನು ನಿಲ್ಲಿಸಿತು. ಇಡೀ ದಿನ ನಿದ್ದೆ. ಎಷ್ಟು ಸಾಧು ಕೂಸು, ತಾಯಿಗೆ ತೊಂದರೆನೇ ಕೊಡಲ್ಲ ಎಂದು ಮನೆಯವರೆಲ್ಲ ಹಿಗ್ಗಿದರು. ಹಾಲಿಗೆ ಏಳುತ್ತಿರಲಿಲ್ಲ, ಎಬ್ಬಿಸಿದರೂ ಎರಡು ಗುಟುಕಿಗೆ ಬಾಯಿ ಸಡಿಲವಾಗುತ್ತಿತ್ತು. ಆರನೇ ದಿನ ಕೀರಲು ದನಿಯಲ್ಲಿ ಚೀರಲು ಶುರುಮಾಡಿ, ಬೆನ್ನು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿತು. ಆಸ್ಪತ್ರೆಗೆ ತಲುಪಿಸಿದರು, ರಕ್ತ ಬದಲಾಯಿಸಿದರು, ಜೀವ ಉಳಿಯಿತು. ಅತ್ತಿಗೆಯದು ಓ, ಕೂಸಿನದು ಬಿ ಎಂದು ನಮಗೆ ತಿಳಿದದ್ದು ಆಗಲೇ.

ಅವನಿಗೆ ಈಗ ಮೀಸೆ ಬಂದಿದೆ. ನೀರಿನ ಲೋಟದ ಕಡೆ ಕೈ ಚಾಚುತ್ತಾನೆ. ಅರ್ಧ ದಾರಿಯಲ್ಲಿ ಮಣಿಕಟ್ಟು ತಾನಾಗಿ ತಿರುಚಿಕೊಳ್ಳುತ್ತದೆ, ಬೆರಳುಗಳು ಒಂದೊಂದಾಗಿ ಬೇರೆ ಬೇರೆ ಕಡೆ ಬಿಚ್ಚಿಕೊಳ್ಳುತ್ತವೆ. ಲೋಟ ಮುಟ್ಟುವ ಹೊತ್ತಿಗೆ ಕೈ ಅದರಾಚೆ ಹೋಗಿರುತ್ತದೆ. ಮತ್ತೆ ಮೊದಲಿನಿಂದ ಚಾಚುತ್ತಾನೆ. ಮೇಲಿನದನ್ನು ನೋಡಬೇಕಾದರೆ ಕಣ್ಣು ಮೇಲಕ್ಕೆ ಹೊರಳುವುದಿಲ್ಲ, ಗಲ್ಲವನ್ನೇ ಎತ್ತುತ್ತಾನೆ. ಕಿವಿ ಕೇಳುವುದಿಲ್ಲ. ಬುದ್ಧಿ ಚುರುಕಾಗಿದೆ. ನಾನು ಹೋದರೆ ಬ್ಯಾಗಿನ ಕಡೆ ಗಲ್ಲ ತೋರಿಸುತ್ತಾನೆ, ಅದರಲ್ಲಿ ದಾವಣಗೆರೆ ಮಂಡಕ್ಕಿ ಇರುತ್ತದೆ ಎಂದು ಅವನಿಗೆ ಗೊತ್ತು. ಬಿಲಿರುಬಿನ್ ಮಿತಿಮೀರಿ ಮಿದುಳಿಗೆ ಇಳಿದರೆ ಆಗುವುದು ಇದು. ಮಿದುಳಿನ ಆಳದಲ್ಲಿ ಚಲನೆಯನ್ನು ಹಿಡಿದಿಡುವ ಭಾಗಕ್ಕೂ ಕಿವಿಯ ನರದ ದಾರಿಗೂ ಪೆಟ್ಟು ಬೀಳುತ್ತದೆ. ಆದ ಮೇಲೆ ಯಾವ ಔಷಧಿಯೂ ಹಿಂದಕ್ಕೆ ತರುವುದಿಲ್ಲ.

ಹಾಗಾಗಿ ಹಳದಿ ಇರುವ ಕೂಸು ಸುಮ್ಮನೆ ಮಲಗಿದರೆ ಹಿಗ್ಗಬೇಡಿ, ಎಬ್ಬಿಸಿ ನೋಡಿ. ಎಬ್ಬಿಸಿದರೂ ಹಾಲು ಕಚ್ಚುತ್ತಿಲ್ಲ, ಮೈ ಬಟ್ಟೆಯ ಗೊಂಬೆಯಂತೆ ಜೋಲುತ್ತಿದೆ, ಅಥವಾ ಬಿಗಿಯಾಗುತ್ತಿದೆ, ಅಳು ಕೀರಲಾಗಿದೆ, ಜ್ವರ ಬಂದಿದೆ, ಮೈ ನಡುಗುತ್ತಿದೆ ಅನ್ನಿಸಿದರೆ 108ಕ್ಕೆ ಫೋನ್ ಮಾಡಿ, ರಾತ್ರಿ ಎರಡು ಗಂಟೆಯಾದರೂ ಸರಿ. ಪುರುಡು ಕಳೆಯಲಿ, ಹನ್ನೊಂದು ದಿನ ಹೊಸ್ತಿಲು ದಾಟಬಾರದು, ಇವತ್ತು ಅಮಾವಾಸ್ಯೆ ಎಂದು ಕಾಯುವ ಹಿರಿಯರಿಗೆ ನಾನು ಅವನ ಕಥೆಯನ್ನೇ ಹೇಳುತ್ತೇನೆ. ದಾರಿಯಲ್ಲಿ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿ ಮೇಲೆ ಸೆರಗು ಹೊದಿಸಿ. ತಾಯಿಯನ್ನು ಮನೆಯಲ್ಲಿ ಬಿಟ್ಟು ಕೂಸನ್ನಷ್ಟೇ ತರಬೇಡಿ, ಹಾಲೂ ರಕ್ತದ ಮಾದರಿಯೂ ಅವಳಿಂದಲೇ ಬೇಕು. ತಾಯಿ ಕಾರ್ಡ್ ಮರೆಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಯೋಜನೆಯಡಿ ಕೂಸಿನ ಚಿಕಿತ್ಸೆ, ಪರೀಕ್ಷೆ, ಗಾಡಿ ಎಲ್ಲ ಉಚಿತ. ದುಡ್ಡು ಹೊಂದಿಸಿಕೊಂಡು ನಾಳೆ ಹೋಗೋಣ ಎಂದು ನಿಲ್ಲಬೇಡಿ.

ಬರೆ ಹಾಕಿಸುವುದು, ಸೊಪ್ಪಿನ ರಸ ಹಿಂಡುವುದು, ತಾಯತ ಕಟ್ಟಿಸಿ ಮೂರು ದಿನ ನೋಡುವುದು ಯಾವುದೂ ಬೇಡ. ಹೊಟ್ಟೆಯ ಮೇಲೆ ಸುಟ್ಟ ಗಾಯದ ಸಾಲು ಹೊತ್ತು ಬಂದ ಕೂಸುಗಳಿಗೆ ನಾನೇ ಮುಲಾಮು ಹಚ್ಚಿದ್ದೇನೆ. ಬರೆಯಿಂದ ಬಿಲಿರುಬಿನ್ ಕೂದಲೆಳೆಯಷ್ಟೂ ಇಳಿಯುವುದಿಲ್ಲ, ಗಾಯಕ್ಕೆ ನಂಜು ಸೇರುತ್ತದೆ, ಅಷ್ಟರಲ್ಲಿ ಚಿಕಿತ್ಸೆಯ ಹೊತ್ತು ಮೀರಿರುತ್ತದೆ.

ಬಿಸಿಲಿಗೆ ಹಿಡಿಯುವ ವಿಷಯ

ಈ ಸಲಹೆ ಎಲ್ಲಿಂದ ಬಂತು ಎಂದು ನನಗೆ ಬಹಳ ವರ್ಷ ಕುತೂಹಲವಿತ್ತು. ಅದರ ಬುಡದಲ್ಲಿ ಇರುವವಳು ನನ್ನ ಹಾಗೆಯೇ ಒಬ್ಬ ನರ್ಸ್. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬುವರು ಬಿಸಿಲಿರುವ ದಿನ ತಿಂಗಳು ತುಂಬದ ಕೂಸುಗಳನ್ನು ಅಂಗಳಕ್ಕೆ ತರುತ್ತಿದ್ದರು. 1956ರಲ್ಲಿ ಒಂದು ದಿನ ವೈದ್ಯರಿಗೆ ಒಂದು ಕೂಸನ್ನು ಬಿಚ್ಚಿ ತೋರಿಸಿದರು. ಮೈಯೆಲ್ಲ ಹಳದಿ ಇಳಿದು ತಿಳಿಯಾಗಿತ್ತು, ಒಂದು ತ್ರಿಕೋನದಷ್ಟು ಜಾಗ ಮಾತ್ರ ಕಡುಹಳದಿ. ಹೊದಿಕೆಯ ಮೂಲೆ ಮುಚ್ಚಿದ್ದ ಜಾಗ ಅದು. ಅಲ್ಲೇ ಬಿಸಿಲಲ್ಲಿ ಉಳಿದುಹೋದ ರಕ್ತದ ಮಾದರಿಯೊಂದರಲ್ಲೂ ಬಿಲಿರುಬಿನ್ ಇಳಿದಿತ್ತು. ಇದನ್ನು ಬೆನ್ನುಹತ್ತಿದ ಡಾಕ್ಟರ್ ಕ್ರೀಮರ್ ಮತ್ತು ಜೊತೆಗಾರರು ನೀಲಿ ದೀಪಗಳ ತೊಟ್ಟಿಲು ಮಾಡಿ 1958ರಲ್ಲಿ ಪ್ರಕಟಿಸಿದರು. ನಮ್ಮ ವಾರ್ಡಿನ ಲೈಟುಗಳೆಲ್ಲ ಆ ತ್ರಿಕೋನದಿಂದ ಹುಟ್ಟಿದವು. ಸ್ವಿಚ್ ಹಾಕುವಾಗ ಆ ಸಿಸ್ಟರನ್ನು ನಾನು ನೆನೆಯುತ್ತೇನೆ.

ಬೆಳಕಿಗೆ ಆ ಶಕ್ತಿ ಇರುವುದು ನಿಜ. ಆದರೂ ಇವತ್ತು ಬಿಸಿಲು ಚಿಕಿತ್ಸೆಯಲ್ಲ. ಹಳದಿಯನ್ನು ಕರಗುವ ರೂಪಕ್ಕೆ ತಿರುಗಿಸುವುದು ನೀಲಿ ಬೆಳಕು, 460ರಿಂದ 490 ನ್ಯಾನೊಮೀಟರ್ ಅಲೆಯದು. ಬಿಸಿಲಲ್ಲಿ ಅದರ ಜೊತೆ ಸೆಕೆಯೂ ಚರ್ಮ ಸುಡುವ ಅತಿನೇರಳೆ ಕಿರಣವೂ ಬರುತ್ತವೆ. ಆ ಪ್ರಮಾಣದ ಬೆಳಕು ಬೀಳಬೇಕಾದರೆ ಕೂಸು ಗಂಟೆಗಟ್ಟಲೆ ಬರಿಮೈಯಲ್ಲಿರಬೇಕು. ಚಿತ್ರದುರ್ಗದ ಏಪ್ರಿಲ್ ಬಿಸಿಲಿಗೆ ಹಾಗೆ ಮಲಗಿಸಿದರೆ ಮೈನೀರು ಆರಿ ಕಾಮಾಲೆ ಇನ್ನೂ ಏರುತ್ತದೆ, ಡಿಸೆಂಬರ್ ಬೆಳಿಗ್ಗೆಯಾದರೆ ಮೈ ತಣ್ಣಗಾಗುತ್ತದೆ. ಅಂಗಿ ಕುಲಾವಿ ಹಾಕಿ ಹತ್ತು ನಿಮಿಷ ಹಿಡಿದರೆ ಏನೂ ಆಗುವುದಿಲ್ಲ, ಏನೋ ಮಾಡಿದೆವು ಎಂಬ ಸಮಾಧಾನದಲ್ಲಿ ಎರಡು ದಿನ ಕಳೆದುಹೋಗುತ್ತದೆ. ನಮ್ಮಣ್ಣನ ಮನೆಯಲ್ಲಿ ಕಳೆದುಹೋದದ್ದು ಆ ಎರಡು ದಿನ. ಬೆಳಕನ್ನು ನೋಡುವುದಕ್ಕೆ ಬಳಸಿ, ವಾಸಿ ಮಾಡುವುದಕ್ಕೆ ಅಲ್ಲ.

ಹಾಲು

ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆ ಎಂದರೆ ಎದೆಹಾಲು. ಹುಟ್ಟಿದ ಒಂದು ಗಂಟೆಯೊಳಗೆ ಶುರುಮಾಡಿ, ಗಟ್ಟಿ ಹಳದಿ ಮೊದಲ ಹಾಲನ್ನು ಹಿಂಡಿ ಚೆಲ್ಲಬೇಡಿ. ಆ ಹಾಲಿನ ಬಣ್ಣಕ್ಕೂ ಕಾಮಾಲೆಗೂ ನಂಟಿಲ್ಲ, ಅದು ಕಪ್ಪು ಮಲವನ್ನು ಸಡಿಲಿಸಿ ಹೊರಗೆ ತಳ್ಳುತ್ತದೆ. ಹಗಲು ರಾತ್ರಿ ಸೇರಿ 8ರಿಂದ 12 ಸಲ ಕುಡಿಸಿ. ಕಾಮಾಲೆಯ ಕೂಸು ಮಂಪರಿನಲ್ಲಿರುತ್ತದೆ, ಕೇಳಲಿ ಎಂದು ಕಾಯಬೇಡಿ. ಸುತ್ತಿದ ಬಟ್ಟೆ ಬಿಚ್ಚಿ, ಅಂಗಾಲಿಗೆ ಹೆಬ್ಬೆರಳಿನಿಂದ ಉಜ್ಜಿ, ಬೆನ್ನುಮೂಳೆಯ ಪಕ್ಕ ಬೆರಳಾಡಿಸಿ, ಒದ್ದೆ ಬಟ್ಟೆಯಿಂದ ಮುಖ ಒರೆಸಿ ಎಬ್ಬಿಸಿ. ಆದರೂ ಸರಿಯಾಗಿ ಕಚ್ಚದಿದ್ದರೆ ತಾಯಿಯ ಹಾಲನ್ನು ಹಿಂಡಿ ಒಳಲೆಯಲ್ಲೋ ಚಿಕ್ಕ ಚಮಚದಲ್ಲೋ ತುಟಿಯ ಅಂಚಿನಿಂದ ಸ್ವಲ್ಪ ಸ್ವಲ್ಪ ಕುಡಿಸಿ, ಆಸ್ಪತ್ರೆಗೂ ಹೊರಡಿ.

ಸಕ್ಕರೆ ನೀರು, ಗ್ಲೂಕೋಸ್ ನೀರು, ಜೇನು, ಹರಳೆಣ್ಣೆ, ಬೀದಿಯಲ್ಲಿ ಕೂಗಿಕೊಂಡು ಬರುವ ಕತ್ತೆ ಹಾಲು ಯಾವುದೂ ಬೇಡ. ನೀರು ಹೊಟ್ಟೆ ತುಂಬಿಸುತ್ತದೆ, ಹಾಲು ಕುಡಿಯುವುದನ್ನು ಕಡಿಮೆ ಮಾಡುತ್ತದೆ, ಹಳದಿಯನ್ನು ತೊಳೆಯುವುದಿಲ್ಲ. ಹಾಲು ಸಾಲುತ್ತಿದೆಯೇ ಎಂಬುದನ್ನು ಬಟ್ಟೆ ಹೇಳುತ್ತದೆ. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರಾದರೂ ಒದ್ದೆ ಬಟ್ಟೆ ಆಗಬೇಕು, ಮಲ ಕಪ್ಪಿನಿಂದ ಹಸಿರಾಗಿ, ಸಾಸಿವೆ ಅರೆದ ಹಾಗೆ ಹಳದಿಗೆ ತಿರುಗಿರಬೇಕು. ಹುಟ್ಟಿದ ತೂಕದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದರೆ, ಅಂದರೆ 3 ಕಿಲೋ ಕೂಸು 2.7ಕ್ಕಿಂತ ಕೆಳಗೆ ಬಂದರೆ, ಹಾಲು ಸಾಲುತ್ತಿಲ್ಲ. ಆಶಾ ಕಾರ್ಯಕರ್ತೆಯ ಬಳಿ ತೂಕದ ಜೋಲಿ ಇರುತ್ತದೆ.

ಲೈಟಿನ ಕೆಳಗೆ

ಆಸ್ಪತ್ರೆಯಲ್ಲಿ ಹಿಮ್ಮಡಿ ಚುಚ್ಚಿಯೋ ನರದಿಂದಲೋ ರಕ್ತ ತೆಗೆಯುತ್ತಾರೆ. ಆ ಮಾದರಿಯನ್ನು ನಿಮ್ಮ ಕೈಗೆ ಕೊಟ್ಟು ಲ್ಯಾಬಿಗೆ ಕಳಿಸಿದರೆ ಮುಚ್ಚಿಕೊಂಡು ಒಯ್ಯಿರಿ. ಬಿಸಿಲು ತಾಗಿದರೆ ಅಂಕಿ ಸುಳ್ಳಾಗಿ ಕಡಿಮೆ ಬರುತ್ತದೆ, ರಾಚ್‌ಫರ್ಡಿನಲ್ಲಿ ಆದದ್ದು ಅದೇ ತಾನೆ. ವರದಿಯಲ್ಲಿ ಟೋಟಲ್ ಎಷ್ಟು ಎಂದು ನೋಡಿ ಪಕ್ಕದ ಮಂಚದ ಕೂಸಿಗೆ ಹೋಲಿಸಬೇಡಿ. 20 ಗಂಟೆಯ ಕೂಸಿಗೆ 12 ಬಂದರೆ ಗಾಬರಿಯ ವಿಷಯ, ಐದು ದಿನದ ಆರೋಗ್ಯವಂತ ಕೂಸಿಗೆ ಅದೇ 12 ಬಂದರೆ ಹಾಲು ಕುಡಿಸಿ ಮತ್ತೆ ಬನ್ನಿ ಎಂದು ಮನೆಗೇ ಕಳಿಸಬಹುದು. ತಿಂಗಳು ತುಂಬಿದ, ಬೇರೆ ತೊಂದರೆ ಇಲ್ಲದ ಕೂಸಿಗೆ 72 ಗಂಟೆಯಲ್ಲಿ 17-18ರ ಆಸುಪಾಸು ಬಂದರೆ ಲೈಟ್ ಬೇಕಾಗುತ್ತದೆ. ತಿಂಗಳು ತುಂಬದಿದ್ದರೆ, ರಕ್ತದ ಗುಂಪಿನ ತೊಡಕಿದ್ದರೆ ಅದಕ್ಕಿಂತ ಕಡಿಮೆಗೇ. 25ರ ಹತ್ತಿರ ಹೋದರೆ ಹೊಕ್ಕುಳ ನರದ ಮೂಲಕ ರಕ್ತವನ್ನೇ ಬದಲಾಯಿಸುವ ಮಾತು ಬರುತ್ತದೆ. ಡಾಕ್ಟರು ಹುಟ್ಟಿ ಎಷ್ಟು ಗಂಟೆಯಾಯಿತು, ಬಸಿರಿನ ಎಷ್ಟನೇ ವಾರಕ್ಕೆ ಹುಟ್ಟಿತು ಎಂಬುದಕ್ಕೆ ಹೊಂದಿಸಿ ಚಾರ್ಟ್ ನೋಡಿ ತೀರ್ಮಾನಿಸುತ್ತಾರೆ.

"ಕರೆಂಟ್ ಬೆಳಕು ಕೂಸಿನ ಮೈ ಸುಡಲ್ವಾ" ಎಂದು ಕೇಳದ ಅಜ್ಜಿ ಇಲ್ಲ. ಸುಡುವುದಿಲ್ಲ. ಕೂಸಿಗೆ ಡೈಪರ್ ಮತ್ತು ಕಣ್ಣುಪಟ್ಟಿ ಬಿಟ್ಟು ಬೇರೇನೂ ಇರಬಾರದು, ಬೆಳಕು ಎಷ್ಟು ಚರ್ಮಕ್ಕೆ ಬೀಳುತ್ತದೋ ಅಷ್ಟು ಬೇಗ ಇಳಿಯುತ್ತದೆ. ಪಾಪ ಬರಿಮೈ ಎಂದು ಟವೆಲ್ ಹೊದಿಸಬೇಡಿ. ಎಣ್ಣೆ, ಪೌಡರ್ ಹಚ್ಚಬೇಡಿ. ಎರಡು ಗಂಟೆಗೊಮ್ಮೆ ಹೊರಗೆ ತೆಗೆದು ಹಾಲು ಕೊಡಿ. ಆ ಹೊತ್ತಿನಲ್ಲಿ ಕಣ್ಣುಪಟ್ಟಿ ಬಿಚ್ಚಿ, ಕೂಸು ನಿಮ್ಮ ಮುಖ ನೋಡಲಿ. ಕುಡಿದಾದ ಮೇಲೆ ಪಟ್ಟಿ ಸರಿಯಾಗಿ ಕಟ್ಟಿದೆಯೇ, ಮೂಗಿನ ಮೇಲೆ ಜಾರಿದೆಯೇ ಎಂದು ನೋಡಿ ಮಲಗಿಸಿ. ಮಲ ಹಸಿರಾಗಿ ತೆಳ್ಳಗೆ ಹೋಗುತ್ತದೆ, ಅದು ಹಳದಿ ಹೊರಹೋಗುವ ಬಗೆ, ಭೇದಿಯೆಂದು ಹಾಲು ನಿಲ್ಲಿಸಬೇಡಿ. ಸಾಮಾನ್ಯವಾಗಿ ಒಂದೆರಡು ದಿನ ಸಾಕು. ಲೈಟಿಗೆ ಚರ್ಮದ ಹಳದಿ ಮೊದಲು ಮಾಸುತ್ತದೆ, ರಕ್ತದ್ದು ಆಮೇಲೆ. ಮೈ ಬೆಳ್ಳಗಾಯಿತಲ್ಲ ಎಂದು ಹಟ ಮಾಡಿ ಮನೆಗೆ ಕರೆದೊಯ್ದು, ಮೂರನೇ ದಿನ ಮತ್ತೆ ಹೊತ್ತು ತಂದವರನ್ನು ಕಂಡಿದ್ದೇನೆ. ಡಾಕ್ಟರು ಮತ್ತೆ ರಕ್ತ ನೋಡಿ ಬಿಡುವವರೆಗೆ ಇರಿ.

ಎರಡು ವಾರ ದಾಟಿದರೆ

ಹದಿನಾಲ್ಕು ದಿನ ಕಳೆದರೂ ಹಳದಿ ಉಳಿದಿದ್ದರೆ ಇನ್ನೊಮ್ಮೆ ಪರೀಕ್ಷೆ ಬೇಕು, ಈ ಸಲ ಡೈರೆಕ್ಟ್ ಬಿಲಿರುಬಿನ್, ಅಂದರೆ ಪಿತ್ತಜನಕಾಂಗ ಹೊರಹಾಕಲು ಸಿದ್ಧಮಾಡಿದ ಭಾಗ, ಎಷ್ಟು ಎಂದು ಕೇಳಿ. ಕೂಸು ಚೆನ್ನಾಗಿ ಹಾಲು ಕುಡಿದು ತೂಕ ಏರುತ್ತಿದ್ದು, ಡೈರೆಕ್ಟ್ 1ರೊಳಗೆ ಇದ್ದರೆ ಅದು ಹೆಚ್ಚಾಗಿ ಎದೆಹಾಲಿನ ಕಾಮಾಲೆ. ಕೆಲವು ವಾರದಲ್ಲಿ ತಾನಾಗಿ ಹೋಗುತ್ತದೆ, ಹಾಲು ನಿಲ್ಲಿಸಬೇಕಿಲ್ಲ. ಆದರೆ ಮಲ ಸುಣ್ಣದ ತಿಳಿಯಂತೆ, ಬಿಳಿ ಜೇಡಿಯಂತೆ ಇದ್ದು, ಮೂತ್ರ ಬಟ್ಟೆಗೆ ಹಳದಿ ಕಲೆ ಹಾಕುತ್ತಿದ್ದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಎಂದರ್ಥ. ಪಿತ್ತನಾಳವೇ ಮುಚ್ಚಿರುವ ಕೂಸಿಗೆ ಕಸಾಯ್ ಎಂಬ ಶಸ್ತ್ರಚಿಕಿತ್ಸೆ ಇದೆ, 60 ದಿನದೊಳಗೆ ಆದರೆ ಫಲ ಹೆಚ್ಚು. ಆ ಬಟ್ಟೆಯನ್ನು ಒಗೆಯಬೇಡಿ, ಕವರಿನಲ್ಲಿ ಹಾಕಿಕೊಂಡು ಬಂದು ಡಾಕ್ಟರಿಗೆ ತೋರಿಸಿ.

ಬಿಲಿರುಬಿನ್ ತುಂಬ ಏರಿದ್ದ ಕೂಸಿಗೆ, ರಕ್ತ ಬದಲಾಯಿಸಿದ ಕೂಸಿಗೆ, ಮೂರು ತಿಂಗಳೊಳಗೆ ಬೇರಾ ಎಂಬ ಕಿವಿಯ ಪರೀಕ್ಷೆ ಮಾಡಿಸಿ. ನಮ್ಮ ಹುಡುಗನಿಗೆ ಕೇಳಿಸುವುದಿಲ್ಲ ಎಂದು ತಿಳಿಯಲು ನಮಗೆ ಎರಡು ವರ್ಷ ಹಿಡಿಯಿತು. ಚಪ್ಪಾಳೆ ತಟ್ಟಿದಾಗಲೆಲ್ಲ ತಿರುಗುತ್ತಿದ್ದ, ಕೈಯ ನೆರಳಿಗೆ ತಿರುಗುತ್ತಿದ್ದನೆಂದು ನಮಗೆ ಹೊಳೆಯಲಿಲ್ಲ. ಬೇರಾ ಪರೀಕ್ಷೆಯಲ್ಲಿ ತಲೆಗೆ ತಂತಿ ಅಂಟಿಸಿ ಕಿವಿಯ ನರ ಶಬ್ದಕ್ಕೆ ಸ್ಪಂದಿಸುತ್ತದೆಯೇ ಎಂದು ನೋಡುತ್ತಾರೆ, ನೋವಿಲ್ಲ. ಕೂಸು ನಿದ್ದೆಯಲ್ಲಿರಬೇಕು. ಬೆಳಿಗ್ಗೆ ಮಲಗಲು ಬಿಡದೆ ಆಡಿಸಿಕೊಂಡು ಕರೆದೊಯ್ಯಿರಿ, ಅಲ್ಲಿಗೆ ಹೋದ ಮೇಲೆ ಹೊಟ್ಟೆತುಂಬ ಹಾಲು ಕೊಡಿ, ಮಲಗಿಬಿಡುತ್ತದೆ.